ಬಿದ್ದ ಅಕ್ಕಿ, ಚೆಲ್ಲಿದ ಅಕ್ಕಿ

ಎರಡು ವರ್ಷದ ಹಿಂದೆ ವಚನ ಸಾಹಿತ್ಯ ಕುರಿತ ಒಂದು ವಿಚಾರ ಸಂಕಿರಣದಲ್ಲಿ ಕೂತಿದ್ದೆ. ಆಯ್ದಕ್ಕಿ ಲಕ್ಕಮ್ಮನ ಬಗ್ಗೆ ಪ್ರಬಂಧ ಮಂಡಿಸಿದ ಹಿರಿಯರೊಬ್ಬರು ಕೊನೆಯಲ್ಲಿ ಒಂದು ಮಾತು ಸೇರಿಸಿದರು. ಈಗಿನ ಕೂಲಿಯವರು ವರ್ಷ ವರ್ಷ ಕೂಲಿ ಏರಿಸಿ ಎನ್ನುತ್ತಾರೆ, ಅವರಿಗೆಲ್ಲ ಲಕ್ಕಮ್ಮನನ್ನು ಓದಿಸಬೇಕು ಎಂದರು. ಸಭೆ ನಕ್ಕಿತು. ನಾನು ತಲೆ ತಗ್ಗಿಸಿ ನೋಟ್‌ಬುಕ್ಕಿನಲ್ಲಿ ಏನೋ ಗೀಚುತ್ತಿದ್ದೆ. ಆ ಹೊತ್ತಿಗೆ ನಮ್ಮವ್ವ ಸಿಂಧನೂರು ಕಡೆಯ ಒಂದು ಕ್ಯಾಂಪಿನ ಗದ್ದೆಯಲ್ಲಿ ಬಗ್ಗಿ ನೆಲ್ಲು ಹಚ್ಚುತ್ತಿದ್ದಳು. ಆ ವರ್ಷ ಎಕರೆಗೆ ಇಷ್ಟು ಹೆಚ್ಚು ಕೊಡಬೇಕು ಎಂದು ಅವಳ ಗುಂಪಿನವರೂ ಕೇಳಿದ್ದರು.

ಪ್ರಶ್ನೋತ್ತರದ ಸಮಯದಲ್ಲಿ ನಾನು ಕೈ ಎತ್ತಲಿಲ್ಲ. ಎತ್ತಿದ್ದರೆ ಏನು ಕೇಳಬೇಕಿತ್ತು ಎಂಬುದನ್ನು ಅಂದಿನಿಂದ ಯೋಚಿಸುತ್ತಿದ್ದೇನೆ. ಈ ಬರಹ ಆ ಯೋಚನೆಯದು.

ಲಿಂಗಸುಗೂರು, ಮಸ್ಕಿ, ಸಿಂಧನೂರು ರಾಯಚೂರು ಜಿಲ್ಲೆಯಲ್ಲಿ ಒಂದೇ ರಸ್ತೆಯ ಮೇಲೆ ಸಾಲಾಗಿ ಇರುವ ಮೂರು ಊರುಗಳು. ಬಸ್ಸಿನಲ್ಲಿ ಕೂತರೆ ಒಂದೆರಡು ತಾಸಿನ ಹಾದಿ. ಮೊದಲು ಕಲ್ಲು, ಆಮೇಲೆ ತೊಗರಿ, ಜೋಳ, ಹತ್ತಿ, ಕೊನೆಗೆ ಕಣ್ಣು ಹಾಯುವಷ್ಟು ದೂರ ಹಸಿರು ನೆಲ್ಲು. ಈ ಹಾದಿಯ ಸುತ್ತಲೇ ‘ದೊಡ್ಡವರು, ಸಣ್ಣವರು’ ಎಂಬ ವಿಷಯಕ್ಕೆ ಸಂಬಂಧಪಟ್ಟ ಮೂರು ಪಠ್ಯಗಳು ಸಿಗುತ್ತವೆ. ಒಂದು, ಮಸ್ಕಿಯ ಬಂಡೆಯ ಮೇಲಿನ ಅಶೋಕನ ಶಾಸನ. ಎರಡು, ಲಿಂಗಸುಗೂರು ತಾಲ್ಲೂಕಿನ ಅಮರೇಶ್ವರದಿಂದ ಕಲ್ಯಾಣಕ್ಕೆ ಹೋದ ಆಯ್ದಕ್ಕಿ ಲಕ್ಕಮ್ಮ, ಮಾರಯ್ಯರ ವಚನ ಮತ್ತು ಕಥೆ. ಮೂರು, ಇದೇ ಜಿಲ್ಲೆಯ ಕಥೆಗಾರ ಅಮರೇಶ ನುಗಡೋಣಿಯವರ ‘ಸವಾರಿ’ ಮತ್ತು ಅದನ್ನು ಆಧರಿಸಿ ಗಿರೀಶ ಕಾಸರವಳ್ಳಿಯವರು ಮಾಡಿದ ‘ಕನಸೆಂಬೋ ಕುದುರೆಯನೇರಿ’ ಸಿನಿಮಾ. ಇವನ್ನು ಬೇರೆಬೇರೆಯಾಗಿ ಓದಿದ್ದೇವೆ. ಆ ನೆಲದ ಕೂಲಿ ಲೆಕ್ಕದ ಪಕ್ಕ ಇಟ್ಟು ಓದಿದ್ದು ಕಡಿಮೆ.

ಲಕ್ಕಮ್ಮನ ಕಥೆ ಎಲ್ಲರಿಗೂ ಗೊತ್ತಿದೆ. ನೆಲಕ್ಕೆ ಬಿದ್ದ ಅಕ್ಕಿ ಆಯುವುದು ಮಾರಯ್ಯನ ಕಾಯಕ. ಒಂದು ದಿನ ಅವನು ಎಂದಿಗಿಂತ ಹೆಚ್ಚು ಅಕ್ಕಿ ತರುತ್ತಾನೆ. ಲಕ್ಕಮ್ಮ ಅದನ್ನು ನೋಡಿ, ನಮಗೆ ಬೇಕಾದಷ್ಟು ಇರಲಿ, ಉಳಿದದ್ದನ್ನು ಅಲ್ಲೇ ಸುರಿದು ಬಾ ಎಂದು ಕಳಿಸುತ್ತಾಳೆ. ಕಥೆಯ ಒಂದು ರೂಪದಲ್ಲಿ, ದಂಪತಿಯನ್ನು ಪರೀಕ್ಷಿಸಲು ಬಸವಣ್ಣನೇ ಅಂಗಳದಲ್ಲಿ ಹೆಚ್ಚು ಅಕ್ಕಿ ಚೆಲ್ಲಿಸಿರುತ್ತಾನೆ.

ಶಾಲೆಯಿಂದ ಪ್ರವಚನದವರೆಗೆ ಈ ಕಥೆಗೆ ಒಂದೇ ನೀತಿ: ಇದ್ದುದರಲ್ಲಿ ತೃಪ್ತಿಪಡು. ಆದರೆ ವಚನವನ್ನು ನಿಧಾನವಾಗಿ ಓದಿದರೆ ಲಕ್ಕಮ್ಮ ಬಡವರ ಆಸೆಯ ಬಗ್ಗೆ ಮಾತಾಡುತ್ತಲೇ ಇಲ್ಲ. ಹೆಚ್ಚಿನದರ ಹಂಬಲವನ್ನು ಅವಳು ಆಳುವವರ ಗುಣ ಎಂದು ಗುರುತಿಸುತ್ತಾಳೆ. ನೀನು ಅವರಂತೆ ಆಗಬೇಡ ಎಂದು ಗಂಡನಿಗೆ ಹೇಳುತ್ತಾಳೆ. ಅಂದರೆ ದುರಾಸೆಗೆ ಅವಳು ಒಂದು ವಿಳಾಸ ಕೊಟ್ಟಿದ್ದಾಳೆ, ಆ ವಿಳಾಸ ಅರಮನೆಯದು. ಸಂಕಿರಣದ ಹಿರಿಯರು ಅದೇ ಮಾತನ್ನು ತಿರುವಿ ಕೂಲಿಯವರ ಗುಡಿಸಲಿಗೆ ಕಳಿಸಿದರು. ಬಡತನ ಎಂಬ ಪದವನ್ನೂ ಲಕ್ಕಮ್ಮ ತಮಗೆ ಅಂಟಿಸಿಕೊಳ್ಳಲು ಒಪ್ಪುವವಳಲ್ಲ. ದುಡಿಯುವ ಕೈ ಇರುವವರನ್ನು ಬಡವರು ಎನ್ನಬೇಡಿ ಎಂಬ ಗತ್ತು ಅವಳ ವಚನಗಳಲ್ಲಿ ಇದೆ. ಅದು ತಗ್ಗಿದ ದನಿ ಅಲ್ಲ.

ಇಷ್ಟನ್ನು ನಾನು ಪುಸ್ತಕದಿಂದ ಕಂಡುಕೊಂಡೆ. ಮುಂದಿನದು ನಮ್ಮವ್ವ ಹೇಳಿದ್ದು. ನಮ್ಮ ಊರು ಮಸ್ಕಿ ತಾಲ್ಲೂಕಿನ ಮಳೆಯಾಶ್ರಿತ ಭಾಗದಲ್ಲಿದೆ. ಚಿಕ್ಕಂದಿನಲ್ಲಿ ಸುಗ್ಗಿ ಮುಗಿದ ಹೊಲದಲ್ಲಿ ಅವ್ವನ ಜೊತೆ ಹಕ್ಕಲು ಆರಿಸಿದ ನೆನಪು ನನಗಿದೆ. ಕೊಯ್ದವರ ಕೈತಪ್ಪಿ ಉಳಿದ ಜೋಳದ ತೆನೆ, ಬಿದ್ದ ಶೇಂಗಾ. ಹಕ್ಕಲಿಗೆ ಯಾರನ್ನೂ ಕೇಳಬೇಕಿರಲಿಲ್ಲ. ರಾಶಿ ಎದ್ದ ಮೇಲೆ ಹೊಲದಲ್ಲಿ ಬಿದ್ದದ್ದು ಆಯುವವರದು ಎಂಬುದು ಊರಿನ ರೂಢಿ. ಸಂಕಿರಣದಿಂದ ಮರಳಿದ ಮೇಲೆ ಒಂದು ರಾತ್ರಿ ಅವ್ವನಿಗೆ ಲಕ್ಕಮ್ಮನ ಕಥೆ ಹೇಳಿದೆ. ರೊಟ್ಟಿ ಬಡಿಯುತ್ತಲೇ ಕೇಳಿದಳು.

“ಅಕಿ ಶಾಣ್ಯಾಕಿ ಇದ್ಲು ಬಿಡವ್ವಾ. ಬಿದ್ದಿದ್ದು ಯಾವ್ದು, ಚೆಲ್ಲಿದ್ದು ಯಾವ್ದು ಅಂತ ಅಕಿಗೆ ಗೊತ್ತಾತು.”

ಚೆಲ್ಲಿದ್ದನ್ನು ಆರಿಸಿಕೊಂಡರೆ ಏನಾಗುತ್ತದೆ ಎಂದು ಕೇಳಿದೆ.

“ಏನಾಕ್ಕೈತಿ, ಮುಂದಿನ ಸುಗ್ಗ್ಯಾಗ ಅವ್ರು ಹೇಳಿದ ಕೂಲಿಗೇ ಹೋಗ್ಬೇಕಾಕ್ಕೈತಿ.”

ನಾನು ಓದಿದ ಲಕ್ಕಮ್ಮನ ವಿಮರ್ಶೆಗಳಲ್ಲಿ ಈ ವ್ಯತ್ಯಾಸ ನನಗೆ ಸಿಕ್ಕಿರಲಿಲ್ಲ. ಬಿದ್ದ ಅಕ್ಕಿಯ ಹಿಂದೆ ಯಾರ ಇಚ್ಛೆಯೂ ಇಲ್ಲ. ಅದನ್ನು ಆಯುವುದು ದುಡಿಮೆ. ಚೆಲ್ಲಿದ ಅಕ್ಕಿಯ ಹಿಂದೆ ಒಂದು ಕೈ ಇದೆ, ಆ ಕೈಗೆ ಒಂದು ಉದ್ದೇಶ ಇದೆ. ಅದು ಒಳ್ಳೆಯ ಉದ್ದೇಶವೇ ಇರಬಹುದು, ಬಸವಣ್ಣನದೇ ಇರಬಹುದು. ಆದರೂ ಅದನ್ನು ಮನೆಗೆ ತಂದ ಕ್ಷಣ ಆಯುವವನು ಪಡೆಯುವವನಾಗುತ್ತಾನೆ, ಚೆಲ್ಲಿದವನು ಕೊಡುವವನಾಗುತ್ತಾನೆ. ಲಕ್ಕಮ್ಮ ತಿರಸ್ಕರಿಸಿದ್ದು ಆ ಸಂಬಂಧವನ್ನು. ಅವಳಿಗೆ ಅಳತೆ ಗೊತ್ತಿತ್ತು. ಒಂದು ದಿನದ ದುಡಿಮೆಗೆ ಎಷ್ಟು ಅಕ್ಕಿ ಆಗುತ್ತದೆ ಎಂಬ ಅಂದಾಜು ಇದ್ದವಳಿಗೆ ಮಾತ್ರ ‘ಇದು ಹೆಚ್ಚಾಯಿತು’ ಎನ್ನಲು ಸಾಧ್ಯ. ಹಾಗೆ ಅಳತೆ ಬಲ್ಲವಳು ‘ಇದು ಕಡಿಮೆಯಾಯಿತು’ ಎಂದೂ ಹೇಳಬಲ್ಲಳು. ಅದನ್ನು ಹೇಳುವ ಸಂದರ್ಭ ಕಥೆಯಲ್ಲಿ ಬರಲಿಲ್ಲ, ಸಿಂಧನೂರಿನ ಗದ್ದೆಯಲ್ಲಿ ಪ್ರತಿವರ್ಷ ಬರುತ್ತದೆ. ಕೂಲಿ ಏರಿಸಿ ಎಂದು ಕೇಳುವ ಹೆಂಗಸರು ಲಕ್ಕಮ್ಮನ ವಿರುದ್ಧ ದಿಕ್ಕಿನಲ್ಲಿ ನಿಂತಿದ್ದಾರೆ ಎಂದು ನನಗೆ ಈಗ ಅನ್ನಿಸುವುದಿಲ್ಲ.

ಲಕ್ಕಮ್ಮನ ನಾಡು ಈಗ ಅಕ್ಕಿಯ ನಾಡು ಎಂಬುದು ಬೇರೆ ಮಾತು. ತುಂಗಭದ್ರಾ ಅಣೆಕಟ್ಟಿನ ಕೆಲಸ 1945ರಲ್ಲಿ ಶುರುವಾಗಿ 1953ರ ಹೊತ್ತಿಗೆ ನೀರು ನಿಂತಿತು. ಆಗಿನ ಹೈದರಾಬಾದ್ ಮತ್ತು ಮದ್ರಾಸ್ ಸರ್ಕಾರಗಳ ಜಂಟಿ ಯೋಜನೆ ಅದು. ಎಡದಂಡೆ ಕಾಲುವೆ ಸಿಂಧನೂರು ಸೀಮೆಗೆ ಬಂತು. ಬರಗಾಲದ ಪ್ರದೇಶದಲ್ಲಿ ಹೆಚ್ಚು ಜನರ ಹೊಲಕ್ಕೆ ಸ್ವಲ್ಪ ಸ್ವಲ್ಪ ನೀರು ಹಂಚಬೇಕು, ಜೋಳ, ಹತ್ತಿ, ಶೇಂಗಾದಂಥ ಮಿತ ನೀರಾವರಿ ಬೆಳೆ ಬೆಳೆಯಬೇಕು ಎಂಬುದು ಕಾಲುವೆಯ ಮೂಲ ಲೆಕ್ಕ. ಕಾಲುವೆಯ ಮೇಲ್ಭಾಗದಲ್ಲಿ ಭೂಮಿ ಇದ್ದವರು ನೆಲ್ಲು ಹಚ್ಚಿದರು. ನೆಲ್ಲು ಕುಡಿದ ನೀರು ಕೆಳಭಾಗದ ರೈತನಿಗೆ ಕಡಿಮೆಯಾಯಿತು. ಕಾಗದದಲ್ಲಿ ಇಬ್ಬರೂ ನೀರಾವರಿ ರೈತರು. ಒಬ್ಬನ ಹೊಲಕ್ಕೆ ಎರಡು ಬೆಳೆಯ ನೀರು, ಇನ್ನೊಬ್ಬನಿಗೆ ಕಾಲುವೆ ಕಚೇರಿಯ ಮುಂದೆ ಧರಣಿ.

ಆಂಧ್ರದ ಕರಾವಳಿ ಜಿಲ್ಲೆಗಳಿಂದ ಬಂದ ರೈತರು ಇಲ್ಲಿ ಕಡಿಮೆ ಬೆಲೆಗೆ ಭೂಮಿ ಕೊಂಡು, ಗದ್ದೆಯ ಪಕ್ಕ ಮನೆ ಕಟ್ಟಿ, ‘ಕ್ಯಾಂಪ್’ ಎಂಬ ಹೊಸ ಬಗೆಯ ಊರುಗಳನ್ನು ಮಾಡಿದರು. ಅವರ ದುಡಿಮೆ ದೊಡ್ಡದು, ನೆಲ್ಲಿನ ಬೇಸಾಯ ಗೊತ್ತಿತ್ತು, ಸಾಲ ಎಲ್ಲಿ ಸಿಗುತ್ತದೆ ಎಂಬುದೂ ಗೊತ್ತಿತ್ತು. ಭೂಮಿ ಮಾರಿದ ಸ್ಥಳೀಯ ಸಣ್ಣ ರೈತರಲ್ಲಿ ಎಷ್ಟೋ ಜನರು ಅದೇ ಭೂಮಿಗೆ ಕೂಲಿಗೆ ಹೋದರು. ಇದನ್ನು ‘ಹೊರಗಿನವರು ಬಂದು ಕಸಿದರು’ ಎಂದು ಹೇಳುವುದು ಸುಲಭ. ಆದರೆ ನೀರು ಬರುವ ಮೊದಲೂ ಈ ಊರುಗಳಲ್ಲಿ ಗೌಡರಿದ್ದರು, ದೇಸಾಯರಿದ್ದರು, ಜೀತವಿತ್ತು. ಭೂಮಿಯೇ ಇಲ್ಲದ ಮಾದಿಗ, ಹೊಲೆಯ ಕೇರಿಗಳಿಗೆ ಮಾರಲು ಏನೂ ಇರಲಿಲ್ಲ. ಕಾಲುವೆ ವರ್ಗವನ್ನು ಹುಟ್ಟಿಸಲಿಲ್ಲ, ಇದ್ದುದರ ಮೇಲೆ ನೀರು ಹಾಯಿಸಿತು. ಬೆಳೆ ಹೋದಾಗ ಇದು ಇನ್ನೂ ಚೆನ್ನಾಗಿ ಕಾಣುತ್ತದೆ. ಪರಿಹಾರ ಪಹಣಿಯ ಹೆಸರಿಗೆ ಬರುತ್ತದೆ. ಲೀಜಿಗೆ ಮಾಡಿದವನ ಹೆಸರು ಪಹಣಿಯಲ್ಲಿ ಇಲ್ಲ. ಹಚ್ಚಿದವಳ, ಕಳೆ ತೆಗೆದವಳ ಹೆಸರು ಯಾವ ಕಾಗದದಲ್ಲೂ ಇಲ್ಲ. ನೀರು ಬಿಡದ ವರ್ಷ ಅವಳು ಕಳೆದುಕೊಂಡ ಹಂಗಾಮಿನ ಕೂಲಿಯನ್ನು ನಷ್ಟ ಎಂದು ಕರೆಯುವ ಅರ್ಜಿ ನಮೂನೆಯೂ ಇಲ್ಲ.

ಇನ್ನು ಹಕ್ಕಲು. ನೆಲ್ಲಿನ ಗದ್ದೆಗೆ ಕೊಯ್ಯುವ ಯಂತ್ರ ಬಂದಿದೆ. ಅದು ಕೊಯ್ದು, ಬಡಿದು, ಕಾಳನ್ನು ಟ್ರ್ಯಾಕ್ಟರಿಗೆ ಸುರಿಯುತ್ತದೆ. ಉದುರಿದ ಕಾಳು ಕೆಸರಿನಲ್ಲಿ ಚಕ್ರದ ಗುರುತಿನಡಿ ಹೂತುಹೋಗುತ್ತದೆ. ಆಯುವ ಕಾಯಕ ಉಳಿಯಬೇಕಾದರೆ ಕೈಯಿಂದ ಕೊಯ್ಯುವ ಹೊಲ ಬೇಕು, ಬಿದ್ದದ್ದು ಊರಿನದು ಎಂಬ ರೂಢಿ ಬೇಕು. ಎರಡೂ ಹೋದ ಮೇಲೆ ಉಳಿದಿರುವುದು ಪಡಿತರದ ಅಕ್ಕಿ. ನಾನು ಅದರ ವಿರೋಧಿ ಅಲ್ಲ. ಅದು ನಮ್ಮ ಮನೆಯ ಹೊಟ್ಟೆ ತುಂಬಿಸಿದೆ, ಅದು ಹಕ್ಕು. ಆದರೆ ಅದನ್ನು ‘ಬಿಟ್ಟಿ ಅಕ್ಕಿ’ ಎಂದು ಕರೆದು, ಅದರಿಂದಲೇ ಕೂಲಿಗಳು ಸೋಮಾರಿಗಳಾದರು ಎಂದು ಹೇಳುವವರು, ಕೊಟ್ಟದ್ದನ್ನು ಚೆಲ್ಲಿದ ಅಕ್ಕಿಯನ್ನಾಗಿ ಮಾಡುತ್ತಾರೆ. ಆ ಮಾತು ಕೇಳಿದಾಗಲೆಲ್ಲ ಅವ್ವನ ಮಾತು ನೆನಪಾಗುತ್ತದೆ. ಅವರು ಹೇಳಿದ ಕೂಲಿಗೇ ಹೋಗಬೇಕು ಎಂಬುದೇ ಅಲ್ಲಿನ ನಿರೀಕ್ಷೆ.

ಇಲ್ಲಿಂದ ಮಸ್ಕಿಯ ಬಂಡೆಗೆ ಹೋಗೋಣ. 1915ರಲ್ಲಿ ಚಿನ್ನದ ಅದಿರು ಹುಡುಕುತ್ತಿದ್ದ ಸಿ. ಬೀಡನ್ ಎಂಬ ಗಣಿ ಎಂಜಿನಿಯರ್ ಈ ಶಾಸನವನ್ನು ಕಂಡ. ಅಲ್ಲಿಯವರೆಗೆ ಶಾಸನಗಳಲ್ಲಿ ‘ದೇವಾನಾಂಪ್ರಿಯ’ ಎಂದು ಮಾತ್ರ ಕಾಣುತ್ತಿದ್ದ ರಾಜ, ಇಲ್ಲಿ ಅಶೋಕ ಎಂಬ ಹೆಸರಿನೊಂದಿಗೆ ಸಿಕ್ಕಿದ. ಸ್ಪರ್ಧಾತ್ಮಕ ಪರೀಕ್ಷೆಗೆ ಓದುವ ನಮ್ಮ ಹುಡುಗರಿಗೆಲ್ಲ ಇದು ಒಂದು ಅಂಕದ ಪ್ರಶ್ನೆ. ಹೆಸರು ಸಿಕ್ಕಿದ ಸಂಭ್ರಮದಲ್ಲಿ ಆ ಶಾಸನ ಏನು ಹೇಳುತ್ತದೆ ಎಂದು ಓದುವವರು ಕಡಿಮೆ. ಅದರ ತಿರುಳು ಇಷ್ಟು: ಧರ್ಮದಲ್ಲಿ ತೊಡಗಿದರೆ ಸಣ್ಣವನಿಗೂ ಈ ಗುರಿ ಸಿಗುತ್ತದೆ. ಇದು ದೊಡ್ಡವರಿಗೆ ಮಾತ್ರ ಎಂದು ತಿಳಿಯಬಾರದು. ಈ ಮಾತನ್ನು ಸಣ್ಣವರಿಗೂ ದೊಡ್ಡವರಿಗೂ ಹೇಳಬೇಕು.

ಕ್ರಿ.ಪೂ. 3ನೇ ಶತಮಾನದಲ್ಲಿ, ನಮ್ಮೂರಿನ ಕಲ್ಲಿನ ಮೇಲೆ, ಸಣ್ಣವರು ಎಂಬ ಪದ ಇದೆ ಎಂದು ಮೊದಲ ಸಲ ಗೊತ್ತಾದಾಗ ನನಗೆ ಮೈ ಜುಮ್ಮೆಂದಿತ್ತು. ಈಗ ಆ ಸಾಲುಗಳನ್ನು ಎರಡು ಮನಸ್ಸಿನಿಂದ ಓದುತ್ತೇನೆ. ಎತ್ತರದ ಸ್ಥಾನ ಎತ್ತರದವರಿಗೆ ಮೀಸಲಲ್ಲ ಎಂದು ಒಬ್ಬ ರಾಜ ಕಲ್ಲಿನಲ್ಲಿ ಕೊರೆಸಿದ್ದು ದೊಡ್ಡ ಸಂಗತಿ. ಹಾಗೆ ಕೊರೆಸಬೇಕಾಯಿತು ಎಂದರೆ ಜನ ಆಗಲೇ ಅದು ದೊಡ್ಡವರದೇ ಎಂದು ನಂಬಿದ್ದರು ಎಂಬುದೂ ಅದರಲ್ಲಿ ಇದೆ. ಆದರೆ ಶಾಸನದಲ್ಲಿ ಮಾತಾಡುವವನು ರಾಜ. ಸಣ್ಣವರು ಕೇಳುವವರು. ಅವರಿಗೆ ಕೊಟ್ಟ ಭರವಸೆ ಪ್ರಯತ್ನದ್ದು ಮತ್ತು ಪುಣ್ಯದ್ದು. ಸಣ್ಣವರು ಸಣ್ಣವರಾಗಿ ಏಕೆ ಇದ್ದಾರೆ ಎಂಬ ಪ್ರಶ್ನೆ ಆ ಬಂಡೆಯ ಮೇಲೆ ಇಲ್ಲ. ‘ಪ್ರಯತ್ನಪಟ್ಟರೆ ಯಾರು ಬೇಕಾದರೂ ಸಾಧಿಸಬಹುದು’ ಎಂದು ಇವತ್ತು ಕೋಚಿಂಗ್ ಸೆಂಟರಿನ ಗೋಡೆಗಳ ಮೇಲೆ ಬರೆದಿರುತ್ತಾರಲ್ಲ, ಅದರ ಶಕ್ತಿಯೂ ಮಿತಿಯೂ ಇದೇ. ಆ ಮಾತು ಸುಳ್ಳಲ್ಲ, ನಾನು ಅದನ್ನು ನಂಬಿಯೇ ಓದಿದವಳು. ಆದರೆ ನನ್ನ ತರಗತಿಯಲ್ಲಿ ನನಗಿಂತ ಚೆನ್ನಾಗಿ ಲೆಕ್ಕ ಮಾಡುತ್ತಿದ್ದ ಹುಡುಗಿ ಪ್ರತಿವರ್ಷ ದೀಪಾವಳಿ ಕಳೆದ ಮೇಲೆ ಅಪ್ಪ ಅವ್ವನ ಜೊತೆ ಬೆಂಗಳೂರಿಗೆ ಗುಳೆ ಹೋಗಿ ಯುಗಾದಿಗೆ ಬರುತ್ತಿದ್ದಳು. ಏಳನೆಯ ತರಗತಿಯ ನಂತರ ಬರಲಿಲ್ಲ. ಅವಳ ಪ್ರಯತ್ನ ಕಡಿಮೆಯಾಗಿತ್ತು ಎಂದು ನಾನು ಹೇಗೆ ಹೇಳಲಿ? ನಾನು ಹೋಗದೆ ಉಳಿದದ್ದು, ನನ್ನನ್ನು ಇಟ್ಟುಕೊಳ್ಳಲು ಊರಲ್ಲಿ ಅಜ್ಜಿ ಇದ್ದಳು ಎಂಬ ಒಂದೇ ಕಾರಣಕ್ಕೆ.

ಮೂರನೆಯ ಪಠ್ಯಕ್ಕೆ ಬರುತ್ತೇನೆ. ‘ಕನಸೆಂಬೋ ಕುದುರೆಯನೇರಿ’ಯ ಈರ್ಯಾ ಕುಣಿ ತೋಡುವವನು. ಕನಸಿನಲ್ಲಿ ಸಿದ್ಧ ಕಾಣಿಸಿಕೊಂಡರೆ ಊರಲ್ಲಿ ಸಾವಾಗಿದೆ ಎಂಬುದು ಅವನ ನಂಬಿಕೆ, ಅದು ಎಂದೂ ತಪ್ಪಿಲ್ಲ. ಒಂದು ದಿನ ಸಿದ್ಧ ಕಾಣುತ್ತಾನೆ. ಗೌಡ ಹಾಸಿಗೆ ಹಿಡಿದಿದ್ದಾನೆ. ಈರ್ಯಾ ದೊಡ್ಡಮನೆಗೆ ಹೋಗಿ ಕೇಳಿದರೆ, ಯಾರೂ ಸತ್ತಿಲ್ಲ ಎಂಬ ಉತ್ತರ ಬರುತ್ತದೆ. ನಿಜವಾಗಿ ಗೌಡ ಸತ್ತಿದ್ದಾನೆ. ಮನೆಯವರು ತಮ್ಮ ಲಾಭಕ್ಕಾಗಿ ಸಾವನ್ನು ಬಚ್ಚಿಟ್ಟಿದ್ದಾರೆ. ಈರ್ಯಾ, ಅವನ ಹೆಂಡತಿ ರುದ್ರಿ, ತಮ್ಮ ಕನಸೇ ಸುಳ್ಳಾಯಿತು ಎಂದು ಕುಸಿಯುತ್ತಾರೆ.

ಈ ಸಿನಿಮಾವನ್ನು ನಂಬಿಕೆ ಮತ್ತು ವೈಚಾರಿಕತೆಯ ಸಂಘರ್ಷ ಎಂದು ನೋಡುವುದುಂಟು. ನನಗೆ ಅದು ಸಾಲದು ಅನ್ನಿಸುತ್ತದೆ. ಈರ್ಯಾನ ಕನಸು ಅವೈಜ್ಞಾನಿಕವೋ ಅಲ್ಲವೋ, ಅವತ್ತು ಅದು ಸರಿಯಾಗಿತ್ತು. ಅದನ್ನು ಸರಿ ಎಂದು ಒಪ್ಪುವ ಅಧಿಕಾರ ದೊಡ್ಡಮನೆಯ ಬಾಗಿಲಲ್ಲಿತ್ತು. ಬಡವನಿಗೆ ಇದ್ದ ಒಂದೇ ತಿಳಿವಳಿಕೆ ನಿಜವಾಗಿದ್ದರೂ ಅದಕ್ಕೆ ಮುದ್ರೆ ಬೀಳಲಿಲ್ಲ. ಮುದ್ರೆ ಬೀಳದಿದ್ದಾಗ ಅವನು ದೊಡ್ಡಮನೆಯನ್ನು ಅನುಮಾನಿಸಲಿಲ್ಲ, ತನ್ನನ್ನೇ ಅನುಮಾನಿಸಿದ. ಒಂದೇ ಘಟನೆಯನ್ನು ಗುಡಿಸಲಿನಿಂದಲೂ ದೊಡ್ಡಮನೆಯಿಂದಲೂ ತೋರಿಸುವ ಕಾಸರವಳ್ಳಿಯವರ ನಿರೂಪಣೆ ಪ್ರೇಕ್ಷಕರಿಗೆ ಈ ಅನ್ಯಾಯವನ್ನು ಕಾಣಿಸುತ್ತದೆ. ಈರ್ಯಾನಿಗೆ ಆ ಇನ್ನೊಂದು ಕಡೆಯ ನೋಟ ಇಲ್ಲ. ಇನ್ನೊಂದು ಸಂಗತಿಯನ್ನೂ ಗಮನಿಸಬೇಕು. ದೊಡ್ಡಮನೆಗೆ ಸಾವಿನ ದಿನವನ್ನೂ ಮುಂದೂಡಲು ಸಾಧ್ಯ. ಈರ್ಯಾನಿಗೆ ಹಸಿವನ್ನು ಒಂದು ದಿನ ಮುಂದೂಡಲು ಆಗುವುದಿಲ್ಲ. ಕಾಯಬಲ್ಲವರು, ಕಾಯಲಾಗದವರು ಎಂಬುದು ನಮ್ಮ ಕಡೆ ವರ್ಗವನ್ನು ಗುರುತಿಸುವ ಸರಳ ಅಳತೆ. ರೇಟು ಏರುವ ತನಕ ನೆಲ್ಲನ್ನು ಗೋದಾಮಿನಲ್ಲಿ ಇಡಬಲ್ಲವನು ಒಬ್ಬ, ರಾಶಿಯ ದಿನವೇ ಮಾರಬೇಕಾದವನು ಒಬ್ಬ, ಅಂದಿನ ಕೂಲಿ ಅಂದೇ ಬೇಕಾದವಳು ಒಬ್ಬಳು.

ಹಿಂದುಳಿದ ಪ್ರದೇಶ ಎಂಬ ಮಾತೂ ಈ ವ್ಯತ್ಯಾಸವನ್ನು ಮುಚ್ಚುತ್ತದೆ. ಡಾ. ಡಿ.ಎಂ. ನಂಜುಂಡಪ್ಪ ಸಮಿತಿ 2002ರಲ್ಲಿ ಕೊಟ್ಟ ವರದಿ ರಾಜ್ಯದ 114 ತಾಲ್ಲೂಕುಗಳನ್ನು ಹಿಂದುಳಿದವು ಎಂದು ಗುರುತಿಸಿತು. ಅತ್ಯಂತ ಹಿಂದುಳಿದ 39ರಲ್ಲಿ 21 ಗುಲಬರ್ಗಾ ವಿಭಾಗದವು. 2012ರ 98ನೇ ತಿದ್ದುಪಡಿಯಿಂದ ಸಂವಿಧಾನಕ್ಕೆ 371ಜೆ ವಿಧಿ ಸೇರಿತು. ನನ್ನಂಥ ಸಾವಿರಾರು ಮಕ್ಕಳಿಗೆ ಅದು ಸೀಟು, ಕೆಲಸ ಕೊಟ್ಟಿದೆ. ಅದಿಲ್ಲದೆ ಈ ಬರಹ ಬರೆಯುವ ಜಾಗದಲ್ಲಿ ನಾನು ಇರುತ್ತಿರಲಿಲ್ಲ. ಆದರೆ ತಾಲ್ಲೂಕಿನ ಸರಾಸರಿಗೆ ಕೇರಿ ಕಾಣುವುದಿಲ್ಲ. ಎರಡು ಬೆಳೆಯ ಗದ್ದೆಯ ಒಡೆಯನ ಮಗನಿಗೂ ಆ ಗದ್ದೆಗೆ ಹಚ್ಚಲು ಹೋಗುವವಳ ಮಗಳಿಗೂ ಒಂದೇ 371ಜೆ ಪ್ರಮಾಣಪತ್ರ. ಜಾತಿ ಮೀಸಲಾತಿ ಒಂದಷ್ಟು ವ್ಯತ್ಯಾಸವನ್ನು ಹಿಡಿಯುತ್ತದೆ. ರಾಜಕೀಯದಲ್ಲೂ ಹಾಗೆಯೇ. ಜಿಲ್ಲೆಯ ಏಳು ವಿಧಾನಸಭಾ ಕ್ಷೇತ್ರಗಳಲ್ಲಿ ಐದು ಮೀಸಲು. ಲಿಂಗಸುಗೂರು ಪರಿಶಿಷ್ಟ ಜಾತಿಗೆ, ಮಸ್ಕಿ ಪರಿಶಿಷ್ಟ ಪಂಗಡಕ್ಕೆ. ಸಣ್ಣವರ ನಡುವಿನಿಂದ ಶಾಸಕರು ಬಂದರು, ಅದು ಕಡಿಮೆ ಸಾಧನೆಯಲ್ಲ. ಆದರೂ ನಾರಾಯಣಪುರ ಬಲದಂಡೆಯ 5ಎ ಕಾಲುವೆಗಾಗಿ 2020ರಲ್ಲಿ ಮಸ್ಕಿ ತಾಲ್ಲೂಕಿನ ಪಾಮನಕಲ್ಲೂರಿನಲ್ಲಿ ರೈತರು ಧರಣಿ ಕೂರಬೇಕಾಯಿತು. ಕಾಲುವೆ ಬರಲಿ ಎಂದು ನಾನೂ ಬಯಸುತ್ತೇನೆ. ಬಂದ ಮೇಲೆ ಆ ನೀರು ಯಾರ ಹೊಲದಿಂದ ಶುರುವಾಗಿ ಯಾರ ಹೊಲಕ್ಕೆ ಮುಗಿಯುತ್ತದೆ ಎಂಬ ಪ್ರಶ್ನೆಯನ್ನೂ ಇಟ್ಟುಕೊಂಡಿದ್ದೇನೆ.

2019ರಲ್ಲಿ ನಮ್ಮ ಭಾಗಕ್ಕೆ ಕಲ್ಯಾಣ ಕರ್ನಾಟಕ ಎಂದು ಹೆಸರಿಟ್ಟರು. ಲಕ್ಕಮ್ಮ ದಂಪತಿ ಹುಡುಕಿಕೊಂಡು ಹೋದ ಊರಿನ ಹೆಸರು ಅದು. ಹಾಗಾಗಿ ಅವಳನ್ನು ಹೇಗೆ ಓದುತ್ತೇವೆ ಎಂಬುದು ನಮಗೆ ಬರೀ ತರಗತಿಯ ವಿಷಯವಲ್ಲ. ರಾಜ ಸಣ್ಣವರಿಗೆ ಹೇಳಿದ್ದು ಮಸ್ಕಿಯ ಪಠ್ಯ. ಸಣ್ಣವನ ಮಾತಿಗೆ ಬಾಗಿಲಲ್ಲಿ ಬೆಲೆ ಸಿಗದೆ ಹೋದದ್ದು ‘ಸವಾರಿ’ಯ ಪಠ್ಯ. ಈ ಎರಡರ ನಡುವೆ, ಆಯುವ ಹೆಂಗಸೊಬ್ಬಳು ಅಂಗಳದ ಒಡೆಯನ ಲೆಕ್ಕವನ್ನೇ ತಿದ್ದಿದ್ದು ಲಕ್ಕಮ್ಮನ ಪಠ್ಯ. ಅದನ್ನು ನಾವು ತೃಪ್ತಿಯ ಪಾಠ ಮಾಡಿ, ತೃಪ್ತಿಯ ಅಗತ್ಯ ಎಲ್ಲಕ್ಕಿಂತ ಕಡಿಮೆ ಇರುವವರಿಗೆ ಓದಿಸುತ್ತಿದ್ದೇವೆ.

ಕಳೆದ ತಿಂಗಳು ನನ್ನ ಪ್ರಬಂಧದ ಮೂರನೆಯ ಅಧ್ಯಾಯದಲ್ಲಿ ಬಿದ್ದದ್ದು, ಚೆಲ್ಲಿದ್ದು ಎಂಬ ವ್ಯತ್ಯಾಸವನ್ನು ಬರೆದೆ. ಮಾರ್ಗದರ್ಶಕರು ಓದಿ, ಚೆನ್ನಾಗಿದೆ, ಆದರೆ ಇದಕ್ಕೆ ಆಧಾರ ಯಾವುದು ಎಂದು ಕೇಳಿದರು. ಕೇಳುವುದು ಅವರ ಕೆಲಸ, ಅವರ ಮೇಲೆ ನನಗೆ ದೂರಿಲ್ಲ. ನಮ್ಮವ್ವ ಹೇಳಿದ್ದು ಎಂದೆ. ಅವರು ಒಂದು ನಿಮಿಷ ಸುಮ್ಮನಿದ್ದು, ಹಾಗಾದರೆ ಅನುಬಂಧದ ವಕ್ತೃಗಳ ಪಟ್ಟಿಯಲ್ಲಿ ಸೇರಿಸಿ ಎಂದರು. ಆ ರಾತ್ರಿ ಅವ್ವನಿಗೆ ಫೋನ್ ಮಾಡಿ ವಯಸ್ಸು ಕೇಳಿದೆ. ಐವತ್ತೋ ಐವತ್ತೈದೋ, ನೀನೇ ಏನಾದರೂ ಬರೆದುಕೋ ಎಂದಳು. ಉದ್ಯೋಗದ ಕಾಲಂಗೆ ಏನು ಬರೆಯಲಿ ಎಂದು ಕೇಳಿದೆ.

“ಕೂಲಿ ಅಂತ ಬರಿ,” ಅಂದಳು. “ಈ ವರ್ಷ ಎಕರೆಗೆ ಎಷ್ಟು ಕೇಳೀವಿ ಅನ್ನೂದೂ ಬರೀತೀಯೇನು?”